ಕಪ್ಪು ಕೊಕ್ಕಿನ ಬೆಳ್ಳಕ್ಕಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಇಪ್ಪತ್ತು ವರ್ಷ ಯಾವ ಹೆಣ್ಣುಮಗಳ ಕುಬಸವಾದರೂ ಹಸಿರು ಸೀರೆಯ ಸೆರಗಿಗೆ ಕಸೂತಿ ಹಾಕಿದವಳು ಶಿವಬಸವ್ವನೇ. ಚೊಚ್ಚಲ ಬಸಿರಿನ ಆ ಸೀರೆಗೆ ಬೇರೆಯವರ ಸೂಜಿ ತಾಗಬಾರದೆಂದು ಯಾರೂ ಹೇಳಿರಲಿಲ್ಲ. ಅವಳೇ ಹಾಗೆ ತಿಳಿದುಕೊಂಡಿದ್ದಳು.

೧೯೫೪ರಲ್ಲಿ ಎದುರು ಮನೆಗೆ ಕೊಣ್ಣೂರಿನಿಂದ ವೀರವ್ವ ಸೊಸೆಯಾಗಿ ಬಂದಳು. ಹೊಳೆದಂಡೆಯ ಹುಡುಗಿ. ಅವಳು ಹಾಕಿದ ಬೆಳ್ಳಕ್ಕಿ ಹಳದಿ ಕೊಕ್ಕು ಚಾಚಿ, ಒಂಟಿ ಕಾಲಲ್ಲಿ ನಿಂತು, ಬಟ್ಟೆಯ ಮೇಲೆಯೇ ಮೀನಿಗೆ ಹೊಂಚು ಹಾಕುತ್ತಿತ್ತು. ಓಣಿಯ ಹೆಂಗಸರು ನೋಡಲು ಹೋದರು. ಶಿವಬಸವ್ವನೂ ಹೋದಳು. ಬಟ್ಟೆಯನ್ನು ತಿರುವಿ ಹಿಂಬದಿಯಲ್ಲಿ ಗಂಟು ಹುಡುಕಿದಳು. ಗಂಟು ಬಿದ್ದರೆ ಅದು ಕಸೂತಿಯೇ ಅಲ್ಲ. ಒಂದೂ ಸಿಗಲಿಲ್ಲ. ಅಂದು ಅವಳಿಗೆ ಊಟ ಸೇರಲಿಲ್ಲ.

ಎರಡು ವರ್ಷದ ಮೇಲೆ, ಶ್ರಾವಣದಲ್ಲಿ, ಅದೇ ಓಣಿಯ ಗಾಳೆವ್ವನ ಸೊಸೆಯ ಕುಬಸ ಬಂತು. ಸೆರಗಿನ ತುಂಬ ಬೆಳ್ಳಕ್ಕಿ ಬೇಕೆಂದಳು ಗಾಳೆವ್ವ. "ಇಬ್ಬರೂ ತುಂಡು ಅರಿವಿ ಮ್ಯಾಲೆ ಒಂದೊಂದು ಹಾಕಿ ತೋರಸ್ರಿ. ಮನಸಿಗೆ ಬಂದಾಕಿಗೆ ಸೀರಿ ಕೊಡ್ತೀನಿ."

ಇಪ್ಪತ್ತು ವರ್ಷ ಹಾಕಿದವಳಿಗೆ ಪರೀಕ್ಷೆ! ಶಿವಬಸವ್ವ ಎಂಟು ದಿನ ಕೆರೆಗೆ ನಡೆದಳು. ನೀರಲ್ಲಿ ನಿಂತ ಜಾಲಿಗಿಡಗಳ ಮೇಲೆ ದೊಡ್ಡ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು. ಗಂಡು ಕಡ್ಡಿ ತಂದುಕೊಟ್ಟರೆ ಹೆಣ್ಣು ಹೆಣೆಯುತ್ತಿತ್ತು. ಬೆನ್ನ ಮೇಲೆ ಬಿಡಿಸಿದ ಹತ್ತಿಯಂಥ ಎಳೆ ಎಳೆ ಗರಿ. ಕೊಕ್ಕು ಮಾತ್ರ ಕಪ್ಪು. ಎಲ್ಲವುಗಳದೂ ಕಪ್ಪು! ಕೊನೆಗೂ ವೀರವ್ವನ ತಪ್ಪು ಸಿಕ್ಕಿತು. ಮನೆಗೆ ಬಂದು, ಕಂಡದ್ದನ್ನು ಕಂಡ ಹಾಗೆ ಹಾಕಿದಳು.

ಗಾಳೆವ್ವನ ಪಡಸಾಲೆಯಲ್ಲಿ ಎರಡೂ ತುಂಡುಗಳನ್ನು ಹಾಸಿದರು.

"ಎವ್ವಾ, ಬಸುರಿ ಸೀರಿಗೆ ಕರಿ ಚುಂಚೇನ?" ಗಾಳೆವ್ವ ಕೈ ಹಿಂದಕ್ಕೆಳೆದುಕೊಂಡಳು. "ಶಿವಬಸವಕ್ಕಾ, ಬೆಳ್ಳಕ್ಕಿ ಹಾಕಂದ್ರ ಕಾಗಿ ಹಾಕಿದಿಯಲ್ಲ!"

ಹೆಂಗಸರು ನಕ್ಕರು. ಶಿವಬಸವ್ವನ ಮುಖ ಕೆಂಪಾಯಿತು. "ಖರೇ ಹಕ್ಕಿ ಹಂಗ ಐತಿ. ಕೆರಿಗೆ ಹೋಗಿ ನೋಡ್ರಿ."

"ಶಿವಬಸವತ್ತಿ ಹಾಕಿದ್ದ ಖರೇ ಐತ್ರಿ," ಎಂದಳು ವೀರವ್ವ. "ಗೂಡು ಕಟ್ಟೋ ಮುಂದ ಚುಂಚು ಕರ್ರಗಾಗತೈತಿ. ಮರಿ ಹಾರಿ ಹ್ವಾದಮ್ಯಾಲೆ ಮತ್ತ ಹಳದಿ. ಬಸುರಿ ಸೀರಿಗೆ ಕರಿ ಚುಂಚಿಂದನ ಒಪ್ಪತೈತಿ. ನಾ ನೋಡಾಕ ಚಲೋ ಅಂತ ಅರಿಷಿಣ ಬಣ್ಣ ಹಾಕಿದ್ನಿ, ಅಷ್ಟ."

ನಗು ನಿಂತಿತು. ಗಾಳೆವ್ವ ಹಸಿರು ಸೀರೆಯನ್ನು ತಂದು ಶಿವಬಸವ್ವನ ಮಡಿಲಿಗೆ ಹಾಕಿದಳು.

ಸೀರೆ ಸಿಕ್ಕಿತ್ತು. ಆದರೆ ಕೊಡಿಸಿದವಳು ವೀರವ್ವ. ನಾಳೆ ಓಣಿಯೆಲ್ಲ ಅದನ್ನೇ ಆಡುತ್ತದೆ. ಹಳದಿಯನ್ನೂ ಕಪ್ಪನ್ನೂ ಆ ಹುಡುಗಿ ಬಲ್ಲಳು. ತಾನು ಎಂಟು ದಿನ ಕೆರೆ ಕಾಯ್ದು ತಿಳಿದದ್ದು ಅದರಲ್ಲಿ ಅರ್ಧ. ಶಿವಬಸವ್ವ ಸೀರೆಯನ್ನು ಆಚೆ ತಳ್ಳಿದಳು.

"ಆಕೀಗೇ ಕೊಡು. ನನಗ ಈಗೀಗ ಎಳಿ ಕಾಣವಲ್ವು."

ಸುಳ್ಳು. ಅಂದು ಬೆಳಿಗ್ಗೆ ಕೂಡ ತಪ್ಪದೆ ಎಳೆ ಎಣಿಸಿದ್ದಳು. ಆದರೆ ಆಡಿದ ಮಾತನ್ನು ನಡೆಸಬೇಕಾಯಿತು. ಮುಂದೆ ಬದುಕಿದ್ದ ಹನ್ನೊಂದು ವರ್ಷ ಶಿವಬಸವ್ವ ಯಾರೆದುರೂ ಕಸೂತಿ ಹಾಕಲಿಲ್ಲ. ಹರಿದ ಕೌದಿ ಹೊಲಿಯಲು ಕಟ್ಟೆಯ ಮೇಲೆ ಕೂತರೆ ಎದುರು ಮನೆಯಿಂದ ವೀರವ್ವ ಇಳಿದು ಬರುತ್ತಿದ್ದಳು.

"ಕೊಡ್ರಿ ಅತ್ತಿ, ದಾರ ನಾ ಪೋಣಸ್ತೀನಿ."

ಶಿವಬಸವ್ವ ಕಣ್ಣು ಕಿರಿದು ಮಾಡಿಕೊಂಡು ಸೂಜಿಯನ್ನು ಅವಳ ಕೈಗೆ ಕೊಡುತ್ತಿದ್ದಳು.