ಮಂಗಳನ ಗಾಳಿಗೆ ಒಳ್ಳೆಯ ದಿನ

ಆಫೀಸಿನಲ್ಲಿ ಅವಳಿಗೆ ಗಾಳಿಯಕ್ಕ ಎಂದೇ ಹೆಸರು. ಮಂಗಳ ಗ್ರಹದ ಗಾಳಿಯನ್ನು ಕಂಪ್ಯೂಟರಿನೊಳಗೆ ಬೀಸಿಸುವುದು ಅವಳ ಕೆಲಸ. ಗಂಡ ಅದೇ ಕಟ್ಟಡದ ಕೆಳಮಹಡಿಯಲ್ಲಿ ಪ್ಯಾರಾಚೂಟ್ ಹೊಲಿಸುವವನು. ಮಂಗಳನ ಗಾಳಿ ಮೊದಲೇ ತೆಳು. ಇನ್ನೂ ತೆಳುವಾದ ದಿನ ನೌಕೆ ಇಳಿದರೆ ವೇಗ ತಗ್ಗುವುದಿಲ್ಲ. ಆ ರಭಸದಲ್ಲಿ ಬಿಚ್ಚಿಕೊಂಡ ಪ್ಯಾರಾಚೂಟ್ ಚಿಂದಿಯಾಗುತ್ತದೆ.

ಇಳಿಯುವ ದಿನ ಗಾಳಿ ಹೇಗಿರುತ್ತದೋ ಯಾರಪ್ಪನಿಗೂ ಗೊತ್ತಿಲ್ಲ. ಅದಕ್ಕೇ ಅವಳ ಪ್ರೋಗ್ರಾಮಿಗೆ ಯಾವುದೋ ಒಂದು ಸಂಖ್ಯೆ ಕೊಟ್ಟರೆ ಅದು ಒಂದು ದಿನದ ಹವೆಯನ್ನು ಹುಟ್ಟಿಸುತ್ತದೆ. ಸಂಖ್ಯೆ ಬದಲಾದರೆ ಹವೆಯೂ ಬದಲು. ಸಾವಿರಾರು ಸಂಖ್ಯೆ ಕೊಟ್ಟು, ಅತಿ ಕೆಟ್ಟ ದಿನಕ್ಕೂ ತಡೆಯುವಂತೆ ಪ್ಯಾರಾಚೂಟ್ ಮಾಡಬೇಕು. ಇಷ್ಟು ಸರಳ ವಿಷಯ ನಿರ್ದೇಶಕನ ತಲೆಗೆ ಇಂದಿಗೂ ಹತ್ತಿಲ್ಲ. ಅತಿಥಿಗಳು ಬಂದಾಗಲೆಲ್ಲ ಆತ ಆ ಸಂಖ್ಯೆಯ ಜಾಗದಲ್ಲಿ ತಾನು ಹುಟ್ಟಿದ ತಾರೀಖು ಹಾಕಿಸಿ, ನೌಕೆ ಹೂವಿನಂತೆ ಇಳಿಯುವುದನ್ನು ತೋರಿಸಿ ಉಬ್ಬಿಹೋಗುತ್ತಿದ್ದ.

ಊಟಕ್ಕೆ ಕೂತಾಗ ಗಂಡ ಗೋಗರೆದ. "ಇನ್ನೊಂದು ಪದರ ಬಟ್ಟೆ ಇಲ್ದಿದ್ರೆ ತಡೆಯಲ್ಲ ಕಣೇ. ನಾನು ಕೇಳಿದ್ರೆ ನಿರ್ದೇಶಕರು ತೂಕ ಜಾಸ್ತಿ ಅಂತಾರೆ. ನೀನೇ ಒಪ್ಪಿಸು. ಹರಿದ್ರೆ ನನ್ನ ತಲೆಗೇ ಕಟ್ತಾರೆ."

"ಒಪ್ಪಿಸ್ತೀನಿ ಬಿಡಿ," ಎಂದಳು.

ಬಟ್ಟೆ ಕತ್ತರಿಸುವ ಮೊದಲಿನ ಕೊನೆಯ ಮೀಟಿಂಗಿನಲ್ಲಿ ಅವಳು ಎಲ್ಲ ಲೆಕ್ಕವನ್ನೂ ಪರದೆಯ ಮೇಲೆ ಇಟ್ಟಳು. ಈಗಿರುವ ಬಟ್ಟೆಗೆ ಹತ್ತರಲ್ಲಿ ನಾಲ್ಕು ಸಲ ಪ್ಯಾರಾಚೂಟ್ ಹರಿದಿತ್ತು. ನಿರ್ದೇಶಕ ಮುಖ ಸಿಂಡರಿಸಿದ. "ಏನಮ್ಮಾ ಇದು ಅಪಶಕುನ? ಬೇರೆ ನಂಬರ್ ಹಾಕಿ."

ಹಾಕಿದಳು. ಹರಿಯಿತು. ಒಳ್ಳೆಯದೇ ಆಯಿತು, ಈಗಲಾದರೂ ಕಣ್ಣು ತೆರೆದೀತು ಎಂದುಕೊಂಡಳು.

"ನನ್ನ ಕಾರಿನ ನಂಬರ್ ಹಾಕಿ, ಅದೃಷ್ಟದ್ದು," ಎಂದ ಲೆಕ್ಕಪತ್ರದ ಮುಖ್ಯಸ್ಥ. ಹರಿಯಿತು.

"ನನ್ನ ಮೊಮ್ಮಗಳು ಹುಟ್ಟಿದ ತಾರೀಖು!" ಎಂದರು ಎರಡೆರಡು ಡಾಕ್ಟರೇಟ್ ಪಡೆದ ಹಿರಿಯ ವಿಜ್ಞಾನಿ. ಅದೂ ಹರಿಯಿತು. ಯಾಕೆ ಇಷ್ಟೊಂದು ಹರಿಯುತ್ತಿದೆ ಎಂದು ಕೇಳುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ದೇಶದ ಬುದ್ಧಿಯೆಲ್ಲ ತಮ್ಮಲ್ಲೇ ಇದೆ ಎಂದು ಬೀಗುವವರು ಲಾಟರಿ ಅಂಗಡಿಯ ಮುಂದೆ ನಿಂತವರಂತೆ ನಂಬರು ಕೂಗುತ್ತಿದ್ದರು. ಅವಳಿಗೆ ಅಸಹ್ಯವಾಯಿತು.

ಆಗ ಹಿಂದಿನ ಸಾಲಿನಿಂದ ಇನ್ನೊಂದು ದನಿ. "ನಮ್ಮ ಮದುವೆ ತಾರೀಖು ಹಾಕು ನೋಡೋಣ!"

ಅವಳ ಗಂಡ. ಸಭೆ ಗೊಳ್ಳೆಂದು ನಕ್ಕಿತು. ಅವಳು ಕಣ್ಣಲ್ಲೇ ಬೇಡವೆಂದಳು. ಅವನು ಹಲ್ಲು ಕಿರಿದ. ನಿರ್ದೇಶಕ "ಹಾಕಿ, ಹಾಕಿ" ಎಂದ. ಹಾಕಿದಳು.

ನೌಕೆ ಮೆಲ್ಲಗೆ ಇಳಿದು ಕೂತಿತು. ಚಪ್ಪಾಳೆಯೋ ಚಪ್ಪಾಳೆ.

"ಇದೇ ಫೈನಲ್," ಎಂದ ನಿರ್ದೇಶಕ. "ಇರೋ ಬಟ್ಟೇಲೇ ಆಗುತ್ತೆ. ಕತ್ತರಿಸೋಕೆ ಹೇಳಿ."

ಗಂಡ ಬೆನ್ನು ತಟ್ಟಿಸಿಕೊಳ್ಳುತ್ತ ಅವಳ ಬಳಿ ಬಂದ. "ನೋಡಿದ್ಯಾ? ಎಲ್ಲರದ್ದೂ ಹರೀತು, ನಮ್ದು ಮಾತ್ರ ಗಟ್ಟಿ!"

ಅವಳು ಕಂಪ್ಯೂಟರ್ ಮುಚ್ಚಿದಳು. "ನಿಮಗೆ ಇನ್ನೊಂದು ಪದರ ಬೇಕಿತ್ತಲ್ರೀ?"

ಅವನ ನಗು ಹಾಗೇ ಬತ್ತಿಹೋಯಿತು. ನಿರ್ದೇಶಕ ಆಗಲೇ ಫೋನಿನಲ್ಲಿ ಕೆಳಮಹಡಿಗೆ ಅಪ್ಪಣೆ ಕೊಡುತ್ತಿದ್ದ.