ಹುಳುಮನೆಯಲ್ಲಿ ಬಾಣಂತನ

ಮೊದಲು ಬಂದದ್ದು ಚಳಿ. ಹೆರಿಗೆಯಾಗಿ ಮೂರು ದಿನವೋ ನಾಲ್ಕೋ. ನಾಲ್ಕು ಎಂದು ಅಮ್ಮ ಹೇಳುತ್ತಾಳೆ, ನನಗೆ ನೆನಪಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದುದು, ಮಗುವಿಗೆ ತಗುಲೀತೆಂದು ಕೈ ಹಿಂದಕ್ಕೆ ತೆಗೆದುಕೊಂಡದ್ದು ನೆನಪಿದೆ.

ಇದಕ್ಕೆಂದೇ ನಾನು ತಯಾರಾಗಿದ್ದೆ.

ಬಸುರಿಯಾಗಿದ್ದಾಗಲೇ ಚಿಂತಾಮಣಿಯ ಲೇಡಿ ಡಾಕ್ಟರು, ಹೆರಿಗೆಗಿಂತ ಅದರ ನಂತರದ ದಿನಗಳಿಗೆ ಜನ ಬೇಕು, ಯಾರು ಜೊತೆಗಿರುತ್ತಾರೆಂದು ಈಗಲೇ ಗೊತ್ತು ಮಾಡಿಕೊಳ್ಳಿ ಎಂದಿದ್ದರು. ಚಳಿಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬರಬೇಕು ಎಂದೂ ಹೇಳಿದ್ದರು. ಬಿ.ಎ. ಓದಿದವಳು ನಾನು, ಪರೀಕ್ಷೆಗೆ ಕೂರುವವಳಂತೆ ಬಾಣಂತನಕ್ಕೆ ಸಿದ್ಧಳಾದೆ. ಹಳೆಯ ಪಂಚೆಗಳನ್ನು ಕುದಿಸಿ ಒಣಗಿಸಿಟ್ಟೆ. ಕೆಂಚಾರ್ಲಹಳ್ಳಿಯ ತವರಿನಲ್ಲಿ ಗಾಡಿ ಮನೆ ಬಿಟ್ಟು ಹೋಗಬಾರದೆಂದು ಅಣ್ಣನಿಂದ ಮಾತು ಪಡೆದೆ. ಅಲ್ಲಿ ರೇಷ್ಮೆಹುಳು ನೋಡಿಕೊಳ್ಳುವವರು ಬಾಣಂತಿಯ ಕೋಣೆಗೆ ಕಾಲಿಡುವುದಿಲ್ಲ, ಹುಳುವಿಗೆ ಮೈಲಿಗೆ. ಹಾಗಾಗಿ ಹುಳು ಅತ್ತಿಗೆಯ ಪಾಲಿಗೆ, ನಾನು ಅಮ್ಮನ ಪಾಲಿಗೆ. "ನನ್ನವು ರಾತ್ರಿಯೆಲ್ಲ ಅಳಲ್ಲ ಬಿಡಮ್ಮ" ಎಂದು ಅತ್ತಿಗೆ ನಕ್ಕಿದ್ದಳು.

ಆ ಮಧ್ಯಾಹ್ನ ಸೊಪ್ಪು ಕೊಯ್ಯುವ ಆಳು ಬರಲಿಲ್ಲ. ಅಮ್ಮ ತೋಟಕ್ಕೆ ಹೋದಳು. ಗೋಡೆಯಾಚೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ನಿಂತಿತ್ತು. ಪೊರೆ ಬಿಡುವ ಮುಂಚೆ ಅವು ತಲೆಯೆತ್ತಿ ಅಲುಗದೆ ಕೂರುತ್ತವೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ.

ಅತ್ತಿಗೆಯನ್ನು ಕೂಗಿದೆ. ಬಂದು ಬಾಗಿಲಾಚೆ ನಿಂತಳು.

"ಜ್ವರ ಬಂದಿದೆ" ಎಂದೆ.

"ಹೂಂ ಕಣಮ್ಮ, ಸದ್ದು ನಿಂತಿದ್ದು ನಿಂಗೂ ಗೊತ್ತಾಯ್ತಾ? ಜ್ವರದಿಂದ ಏಳೋಗಂಟ ಏನೂ ಮಾಡಂಗಿಲ್ಲ. ನೀನು ಮಲ್ಕೋ."

ಹೊರಟುಹೋದಳು.

'ನನಗೆ' ಎಂದು ನಾನು ಸೇರಿಸಿದ್ದೆನೇ? ಸೇರಿಸಿದ್ದೆ ಎಂದೇ ಅನ್ನಿಸುತ್ತದೆ. ಇಲ್ಲ ಎನ್ನುತ್ತಾಳೆ ಅತ್ತಿಗೆ. ತವರುಮನೆಯಲ್ಲಿ ಮಲಗಿ ಹಾಗೆ ಯಾರು ಬಿಡಿಸಿ ಹೇಳುತ್ತಾರೆ? ಮತ್ತೆ ಕೂಗಿದೆನೋ, ಕೂಗಿದಂತೆ ಕನಸು ಕಂಡೆನೋ, ಅದೂ ತಿಳಿಯದು. ಮಗುವಿನ ಅಳು ತನಗೆ ಕೇಳಿಸಿತ್ತು, ಒಳಗೆ ಬರುವಂತಿರಲಿಲ್ಲ ಎಂದು ಮಾತ್ರ ಅವಳೇ ಹೇಳಿದಳು.

ನಾನು ಮಲಗಿದ್ದೇನೆಂದು ಅತ್ತಿಗೆ ಹೇಳಿದ್ದರಿಂದ ಅಮ್ಮ ಅವಸರಪಡಲಿಲ್ಲ. ಹುಳು ಎದ್ದ ಮೇಲೆ ಹಾಕಲೆಂದು ತಂದ ಸೊಪ್ಪಿಗೆ ಒದ್ದೆ ಬಟ್ಟೆ ಹೊದಿಸಿ, ಸ್ನಾನ ಮಾಡಿ ಒಳಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ನಾನು ಯಾರಿಗೋ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದೆನಂತೆ.

ಗಾಡಿಯೇನೋ ಮನೆಯಲ್ಲೇ ಇತ್ತು.

ಚಿಂತಾಮಣಿಯಲ್ಲಿ ಡಾಕ್ಟರು ಸೆಪ್ಸಿಸ್, ರಕ್ತಕ್ಕೆ ನಂಜೇರಿದೆ ಎಂದರು. ಮಧ್ಯಾಹ್ನವೇ ಕರೆತಂದಿದ್ದರೆ ಎಂದು ಶುರುಮಾಡಿ, ಅಮ್ಮನ ಮುಖ ನೋಡಿ ನಿಲ್ಲಿಸಿದರು. ಪೆನಿಸಿಲಿನ್ ಇಂಜೆಕ್ಷನ್‌ಗಳ ನಡುವೆ ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ ವಾರ್ಡಿನಲ್ಲಿ ಬಿದ್ದಿದ್ದೆ. ಎದೆಹಾಲು ಬತ್ತಿತು. ಇನ್ನೊಂದು ಮಗುವಿನ ಆಸೆ ಇಟ್ಟುಕೊಳ್ಳಬೇಡಿ ಎಂದು ನಮ್ಮ ಯಜಮಾನರಿಗೆ ಹೇಳಿದ್ದು ಪರದೆಯಾಚೆಯಿಂದ ಕೇಳಿಸಿತು.

ಈಗ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿದ್ದೇನೆ, ಅಮ್ಮನೂ ಜೊತೆಗಿದ್ದಾಳೆ. ಗೋಡೆ ಹಿಡಿದು ನಡೆಯುತ್ತೇನೆ. ಮಗು ಹಸುವಿನ ಹಾಲು ಕುಡಿದು, ಅರ್ಧ ಕಕ್ಕಿ, ಹೇಗೋ ಉಳಿದುಕೊಂಡಿದೆ.

ಹೋದ ವಾರ ಅತ್ತಿಗೆ ನೋಡಲು ಬಂದಳು. ಊರಿನಲ್ಲಿ ಮತ್ತೆ ಹುಳು ಇಟ್ಟಿದ್ದಾರೆ. ನನ್ನ ಬಾಣಂತನ ಮುಗಿದಿಲ್ಲ. ಹೊಸ್ತಿಲಾಚೆ ನಿಂತವಳಿಗೆ ಅಮ್ಮ, ಅಲ್ಲೇ ಕೂತ್ಕೋ ಎಂದಳು.

"ಆವತ್ತು ನಿಂತಿದ್ದೇ ಸಾಕು, ಅತ್ತೆ" ಎಂದು ಅತ್ತಿಗೆ ಒಳಗೆ ಬಂದಳು. ನನ್ನ ಹಣೆಯ ಮೇಲೆ ಕೈಯಿಟ್ಟಳು. ಸೊಪ್ಪು ಕೊಯ್ದು ಒರಟಾದ ಕೈ. ಬಹಳ ಹೊತ್ತು ತೆಗೆಯಲಿಲ್ಲ.