ಮಗಳ ಬೆನ್ನು, ನನ್ನ ಹೆಬ್ಬೆರಳು

ನಾಗರಬಾವಿಯ ಮೈದಾನದಲ್ಲಿ ಮಗಳು ಅಮೆರಿಕನ್ ಫುಟ್‌ಬಾಲ್ ಆಡುವಾಗ ನಾನು ಅಂಚಿನಲ್ಲಿ ನಿಂತು ಕಿರುಚುತ್ತಿದ್ದೆ. ಅವಳು ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಹಿಡಿದು, ಯಾರಿಗೆ ಎಸೆಯಲಿ ಎಂದು ನೋಡುತ್ತ ನಿಲ್ಲುವವಳು. ಅಷ್ಟರೊಳಗೆ ಅವಳನ್ನು ಕೆಡವಲು ಎದುರಾಳಿಗಳು ನುಗ್ಗುತ್ತಾರೆ. ತಡೆಯಲು ಮುಂದೆ ಹುಡುಗಿಯರ ಒಂದು ಸಾಲು. ಇಂಥ ಆಟಕ್ಕೆ ಅವಳಿಗೆ ಬೇರೆ ತಾಯಿ ಸಿಗಬೇಕಿತ್ತು. ನಾನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಿಜಯನಗರದ ಮೆಟ್ರೋ ಮೆಟ್ಟಿಲಿನಿಂದ ಮನೆಗೆ ವಾಪಸ್ ಓಡುವವಳು.

“ಆಂಟಿ, ಕೂಗ್ಬೇಡಿ, ಇದನ್ನ ಹಿಡ್ಕೊಳ್ಳಿ,” ಎಂದು ಕೋಚ್ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟಳು. ಚೆಂಡು ಮಗಳ ಕೈ ಸೇರಿದಾಗ ಒತ್ತಬೇಕು. ಅವಳು ಎಸೆದಾಗ, ಇಲ್ಲವೇ ಎದುರಾಳಿ ಕೈ ಚಾಚಿದರೆ ಅವಳು ಸಿಗುವಷ್ಟು ಹತ್ತಿರ ಬಂದಾಗ ನಿಲ್ಲಿಸಬೇಕು. ಯಾವ ಕಡೆಯಿಂದ ಬಂದರೆಂದು ಹೇಳಬೇಕು. ಸಾಲು ಎಷ್ಟು ಹೊತ್ತು ತಡೆಯಿತು ಎನ್ನುವುದಕ್ಕೆ ಅದೇ ಅಳತೆ.

ಮ್ಯಾಚಿನ ಹಿಂದಿನ ಸಂಜೆ ಕೋಚ್ ಸಾಲಿನ ಎಡತುದಿಯ ಹುಡುಗಿಯನ್ನು ಕರೆದಳು. ಗದಗದಿಂದ ಬಂದು ಇಲ್ಲೇ ಪಿಜಿಯಲ್ಲಿದ್ದವಳು. ಬಲಗೈಯಲ್ಲಿ ಎಸೆಯುವ ನನ್ನ ಮಗಳಿಗೆ ಎಡಗಡೆ ಎಂದರೆ ಬೆನ್ನು; ಅಲ್ಲಿಂದ ಬರುವವರು ಅವಳಿಗೆ ಕಾಣುವುದಿಲ್ಲ.

“ಆಂಟಿ ವಾಚ್ ಪ್ರಕಾರ ನಿನ್ ಕಡೆಯಿಂದಾನೇ ಬೇಗ ಬರ್ತಾ ಇದಾರೆ. ನಾಳೆ ನೀನು ಹೊರಗಿರು.”

“ನಾ ಯಾರ್ನೂ ಬಿಟ್ಟಿಲ್ರಿ,” ಎಂದಳು ಅವಳು. ನನ್ನ ಕಡೆ ನೋಡಲೂ ಇಲ್ಲ. ಈ ವಾಚಿಗಿಂತ ನನ್ನ ಕಿರುಚಾಟವೇ ವಾಸಿಯಿತ್ತು.

ಮಗಳು ಕೋಚಿನ ಫೋನ್ ತೆಗೆದುಕೊಂಡು ಪ್ರಾಕ್ಟೀಸಿನ ವಿಡಿಯೋ ಹಾಕಿದಳು. “ಕೇಳಿ.”

ಮೊದಲು ನನ್ನ “ಅಯ್ಯೋ”, ಹಿಂದೆಯೇ ವಾಚ್ ನಿಲ್ಲಿಸಿದ ಬೀಪ್. ಎದುರಾಳಿ ಮಾತ್ರ ಇನ್ನೂ ಗದಗದವಳ ಎದೆಗೆ ತಲೆ ಕೊಟ್ಟು ಒದ್ದಾಡುತ್ತಿದ್ದಳು. ಇನ್ನೊಂದು ವಿಡಿಯೋ. ಅದೇ ಅಯ್ಯೋ, ಅದೇ ಬೀಪ್. ಬಲಗಡೆಯಿಂದ ಬಂದಾಗ ಸರಿಯಾಗಿಯೇ ಒತ್ತಿದ್ದೆ. ಆ ಕಡೆ ಮಗಳೇ ನೋಡಿಕೊಳ್ಳುತ್ತಾಳಲ್ಲ.

“ಅಮ್ಮಾ, ನೀನು ನಿನ್ ಬಿಪಿ ಅಳೆದಿದೀಯ!”

ಕೋಚ್ ನಗಲಿಲ್ಲ. “ಇನ್ನೊಂದೇ ಸಲ. ಎಡಗಡೆಯಿಂದಾನೇ ನುಗ್ಗಿಸ್ತೀನಿ. ತಡೆದ್ರೆ ಇವಳು ನಾಳೆ ಆಡ್ತಾಳೆ. ಆಂಟಿ, ಕಣ್ಣು ಮುಚ್ಚಂಗಿಲ್ಲ.”

ಗದಗದವಳು ಸಾಲಿಗೆ ಹೋಗುತ್ತ ಈಗ ನನ್ನನ್ನು ನೋಡಿದಳು. “ಹೆದರಬ್ಯಾಡ್ರಿ ಆಂಟಿ, ನಾ ಅದೀನಿ.”

ಚೆಂಡು ಬಂತು. ಒತ್ತಿದೆ. ಎದುರಿನವಳು ಸುತ್ತು ಹಾಕಿ ಮಗಳ ಬೆನ್ನಿನತ್ತ ತಿರುಗಿದಳು. ಅಯ್ಯೋ ಎಂಬುದು ಗಂಟಲಿಗೆ ಬಂತು, ನುಂಗಿದೆ. ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದೆ. ಮಗಳು ಎಸೆಯಲಿಲ್ಲ. ಎಸೆಯೇ ಮಾರಾಯ್ತಿ, ಎಸೆಯೇ. ಗದಗದವಳ ಹಿಮ್ಮಡಿಗಳು ಮಣ್ಣು ಕೆರೆಯುತ್ತ ಹಿಂದೆ ಹಿಂದೆ ಜಾರಿದವು. ಎದುರಿನವಳು ಅವಳ ಭುಜದ ಮೇಲಿಂದ ಕೈ ಚಾಚಿದಳು. ಮಗಳು ಸಿಗಲಿಲ್ಲ.

ಚೆಂಡು ಹಾರಿತು.

“ಎಷ್ಟು, ಆಂಟಿ?”

ವಾಚ್ ನೋಡಿದೆ. “ಇನ್ನೂ ಓಡ್ತಾ ಇದೆ ಕಣಮ್ಮ.”

ಕೋಚ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗದಗದವಳಿಗೆ ಹೇಳಿದಳು: “ನಾಳೆ ಬೆಳಿಗ್ಗೆ ಬೇಗ ಬಾ.”

“ಆಂಟೀನೂ ಕರ್ಕೊಂಬರ್ಲೇನ್ರಿ?”

“ಬರ್ಲಿ. ಕೂಗೋಕೆ.”